ಕೊಲೆಗಾರನ ಹೆಸರನ್ನು ಮೊದಲೇ ಹೇಳಿಬಿಟ್ಟರೆ ಉಳಿಯುವುದೇನು?

ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಓದಿಕೊಂಡು ಬಂದು ಕೊಲೆ ಮಾಡಿದವನು ಇಂಥವನೇ ಎಂದು ಹೇಳಿಬಿಡುವವರನ್ನು ಯಾವ ಓದುಗನೂ ಕ್ಷಮಿಸುವುದಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಮರುದಿನದ ಬಾಡಿಗೆ ಬೀಳದಂತೆ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದ ನಮ್ಮ ಹಿಂದಿನ ತಲೆಮಾರಿಗೂ ಇದೇ ನಿಯಮ. ಗುಟ್ಟು ಕೊನೆಯವರೆಗೂ ಗುಟ್ಟಾಗಿಯೇ ಇರಬೇಕು. ಅದು ನಡುವೆಯೇ ಬಯಲಾದರೆ ಪುಸ್ತಕವನ್ನು ಮಡಚಿಟ್ಟು ಮಲಗಬಹುದು.

ಹೀಗಿರುವಾಗ, ಕೊಂದವನು ಯಾರು, ಏಕೆ ಕೊಂದ, ಹೇಗೆ ಕೊಂದ, ಸುಳಿವುಗಳನ್ನು ಹೇಗೆ ಒರೆಸಿಹಾಕಿದ ಎಂಬುದನ್ನೆಲ್ಲ ಆರಂಭದಲ್ಲೇ ತೋರಿಸಿಬಿಡುವ ಧಾರಾವಾಹಿಯೊಂದು ಅಮೆರಿಕದಲ್ಲಿ 1968ರಿಂದ 2003ರವರೆಗೆ, ನಡುವೆ ದೀರ್ಘ ವಿರಾಮಗಳೊಂದಿಗೆ, 69 ಕಂತುಗಳಲ್ಲಿ ಪ್ರಸಾರವಾಯಿತು. ಅದರ ಹೆಸರು ‘ಕೊಲಂಬೊ’. ಶ್ರೀಲಂಕಾದ ಊರಿಗೂ ಇದಕ್ಕೂ ಸಂಬಂಧವಿಲ್ಲ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಕೊಲೆ ಪ್ರಕರಣಗಳ ತನಿಖೆ ಮಾಡುವ ಲೆಫ್ಟಿನೆಂಟ್ ಒಬ್ಬನ ಹೆಸರದು. ಸುಕ್ಕುಗಟ್ಟಿದ ರೇನ್‌ಕೋಟು, ಬೆರಳ ಸಂದಿಯಲ್ಲಿ ಅರೆಬೆಂದ ಚುಟ್ಟಾ, ಯಾವಾಗ ನಿಂತುಬಿಡುವುದೋ ಹೇಳಲಾಗದ ಹಳೆಯ ಪ್ಯೂಜೊ 403 ಕಾರು. ಮಾತು ಮುಗಿಸಿ ಬಾಗಿಲವರೆಗೆ ಹೋದವನು ಹಣೆ ಮುಟ್ಟಿಕೊಂಡು ತಿರುಗಿ, ‘ಇನ್ನೊಂದೇ ವಿಷಯ’ ಎನ್ನುತ್ತಾನೆ. ಕೊಲೆಗಾರನ ನಿಟ್ಟುಸಿರು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗುಟ್ಟನ್ನೇ ಬಿಟ್ಟುಕೊಟ್ಟ ಮೇಲೂ ಈ ಧಾರಾವಾಹಿ ಅಷ್ಟು ಕಾಲ ನಿಂತದ್ದು ಹೇಗೆ? ಎಲ್ಲಿ ಗೆದ್ದಿತು, ಎಲ್ಲಿ ಮುಗ್ಗರಿಸಿತು? ನನ್ನ ಉತ್ತರ ಇಷ್ಟು: ಸಾಮಾನ್ಯ ಪತ್ತೇದಾರಿ ಕಥೆ ತನ್ನ ದುರ್ಬಲ ಬರವಣಿಗೆಯನ್ನು ಗುಟ್ಟಿನ ಮರೆಯಲ್ಲಿ ಬಚ್ಚಿಡಬಲ್ಲದು. ಪಾತ್ರಗಳು ಪೇಲವವಾಗಿದ್ದರೂ ಮಾತು ಸಪ್ಪೆಯಾಗಿದ್ದರೂ ‘ಯಾರಿರಬಹುದು’ ಎಂಬ ಕುತೂಹಲವೊಂದೇ ನಮ್ಮನ್ನು ಕೊನೆಯವರೆಗೆ ಎಳೆದೊಯ್ಯುತ್ತದೆ. ಕೊಲಂಬೊಗೆ ಆ ಮರೆಯಿಲ್ಲ. ಹಾಗಾಗಿ ಚೆನ್ನಾಗಿ ಬರೆದ ಕಂತು ಇಲ್ಲಿ ಬೇರೆಲ್ಲಕ್ಕಿಂತ ಮಿಗಿಲಾಗಿ ಹೊಳೆಯುತ್ತದೆ. ಕೆಟ್ಟದಾಗಿ ಬರೆದದ್ದು ಬೇರೆಲ್ಲಕ್ಕಿಂತ ಬೇಗ ಬಣ್ಣಗೆಡುತ್ತದೆ.

ತಲೆಕೆಳಗಾದ ಕಥೆ

ಈ ಬಗೆಯ ಕಥನವನ್ನು ಟಿ.ವಿ.ಯವರು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ 1912ರಲ್ಲಿ ಹೊರತಂದ ‘ದ ಸಿಂಗಿಂಗ್ ಬೋನ್’ ಸಂಕಲನದ ಹೆಚ್ಚಿನ ಕಥೆಗಳಲ್ಲಿ ಮೊದಲ ಭಾಗ ಅಪರಾಧದ್ದು, ಎರಡನೆಯದು ಡಾಕ್ಟರ್ ಥಾರ್ನ್‌ಡೈಕನ ತನಿಖೆಯದು. ಅದಕ್ಕೂ ಹಿಂದೆ, 1866ರಲ್ಲಿ ಬಂದ ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರಾಸ್ಕೋಲ್ನಿಕೋವ್ ಕೊಡಲಿ ಎತ್ತಿದ್ದನ್ನು ಓದುಗ ಕಣ್ಣಾರೆ ಕಂಡಿರುತ್ತಾನೆ. ತನಿಖಾಧಿಕಾರಿ ಪೊರ್ಫಿರಿ ಪೆತ್ರೋವಿಚ್ ಮಾತ್ರ ಹರಟುತ್ತ, ನಗುತ್ತ, ಎಲ್ಲೆಲ್ಲೋ ಸುತ್ತಿ ಮತ್ತೆ ಅವನ ಬಳಿಗೇ ಬರುತ್ತಾನೆ. ಕೊಲಂಬೊನನ್ನು ಸೃಷ್ಟಿಸಿದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಈ ಪೊರ್ಫಿರಿಯ ಋಣವನ್ನು ಒಪ್ಪಿಕೊಂಡವರು.

ಫಿಲಡೆಲ್ಫಿಯಾದಲ್ಲಿ ಶಾಲಾ ದಿನಗಳಿಂದಲೇ ಜೊತೆಯಾಗಿ ಬರೆಯುತ್ತಿದ್ದ ಈ ಗೆಳೆಯರ ಕೈಯಲ್ಲಿ ಕೊಲಂಬೊ ಮೊದಲು ಕಾಣಿಸಿಕೊಂಡದ್ದು 1960ರ ಒಂದು ಟಿ.ವಿ. ನಾಟಕದಲ್ಲಿ. ಆಗ ಪಾತ್ರ ಮಾಡಿದವರು ಬರ್ಟ್ ಫ್ರೀಡ್. ಅದೇ ಕಥೆ ರಂಗಭೂಮಿಗೆ ಹೋಗಿ, ಅಲ್ಲಿಂದ ‘ಪ್ರಿಸ್ಕ್ರಿಪ್ಷನ್: ಮರ್ಡರ್’ ಎಂಬ ಟೆಲಿಚಿತ್ರವಾಗಿ 1968ರಲ್ಲಿ ಮರಳಿತು. ಗಾಯಕ–ನಟ ಬಿಂಗ್ ಕ್ರಾಸ್ಬಿ ಒಲ್ಲೆ ಎಂದ ಮೇಲೆ ಪಾತ್ರ ಪೀಟರ್ ಫಾಕ್ ಅವರಿಗೆ ದಕ್ಕಿತು. ಆಮೇಲೆ ಅವರನ್ನೂ ಆ ಪಾತ್ರವನ್ನೂ ಬೇರ್ಪಡಿಸಲು ಯಾರಿಂದಲೂ ಆಗಲಿಲ್ಲ. ಮೂರನೆಯ ವಯಸ್ಸಿನಲ್ಲೇ ಬಲಗಣ್ಣು ಕಳೆದುಕೊಂಡು ಗಾಜಿನ ಕಣ್ಣು ಹಾಕಿಸಿಕೊಂಡಿದ್ದ ಫಾಕ್ ಅವರ ಓರೆನೋಟ, ಅವರ ಸ್ವಂತ ಕಪಾಟಿನಿಂದಲೇ ಬಂದ ಆ ಕೋಟು, ತಡವರಿಸುವ ಮಾತು ಎಲ್ಲವೂ ಸೇರಿ ಕೊಲಂಬೊ ಆಯಿತು. ಈ ಪಾತ್ರಕ್ಕೇ ಅವರಿಗೆ 4 ಎಮ್ಮಿ ಪ್ರಶಸ್ತಿಗಳು ಬಂದವು.

1971ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ವಾಹಿನಿ ಇದನ್ನು ಸರಣಿಯಾಗಿ ಆರಂಭಿಸಿದಾಗ ಪ್ರತಿ ವಾರವೂ ಹಾಕಲಿಲ್ಲ. ‘ಮೆಕ್ಲೌಡ್’, ‘ಮೆಕ್‌ಮಿಲನ್ ಅಂಡ್ ವೈಫ್’ ಎಂಬ ಇನ್ನೆರಡು ಸರಣಿಗಳ ಜೊತೆ ಸರದಿಯ ಮೇಲೆ ತೋರಿಸಿತು. ಮೊದಲ ಋತುವಿನಲ್ಲಿ ಬಂದದ್ದು 7 ಕಂತು ಮಾತ್ರ. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳನ್ನು ಹೊಸೆಯುವುದೇ ರೂಢಿಯಾಗಿದ್ದ ಅಮೆರಿಕದ ಟಿ.ವಿ.ಯಲ್ಲಿ ಇದು ದೊಡ್ಡ ಸವಲತ್ತು. ಬರೆದದ್ದನ್ನು ತಿದ್ದಲು ಸಮಯ ಸಿಕ್ಕಿತು, ಸಿನಿಮಾ ನಟರನ್ನು ಕರೆತರಲು ಬಜೆಟ್ ಸಿಕ್ಕಿತು. ಸರಣಿಯ ಆರಂಭದ ಕಂತು ‘ಮರ್ಡರ್ ಬೈ ದ ಬುಕ್’ ನಿರ್ದೇಶಿಸಿದ ಹುಡುಗನಿಗೆ ಆಗ 24 ವರ್ಷ. ಹೆಸರು ಸ್ಟೀವನ್ ಸ್ಪೀಲ್‌ಬರ್ಗ್.

ಮಾತೇ ಸಾಹಸ

ಆ ಕಂತನ್ನೇ ನೋಡೋಣ. ಕೆನ್ ಫ್ರಾಂಕ್ಲಿನ್ ಮತ್ತು ಜಿಮ್ ಫೆರಿಸ್ ಜೋಡಿಯಾಗಿ ಪತ್ತೇದಾರಿ ಕಾದಂಬರಿ ಬರೆದು ಹೆಸರಾದವರು. ನಿಜವಾಗಿ ಬರೆಯುವವನು ಜಿಮ್. ಕೆನ್ ಮಾತುಗಾರ, ಸಂದರ್ಶನಕ್ಕೆ ಮುಖ ತೋರಿಸುವವನು. ಜಿಮ್ ಇನ್ನು ತಾನೊಬ್ಬನೇ ಬರೆಯುತ್ತೇನೆ ಎಂದಾಗ ಕೆನ್ ಅವನನ್ನು ದೂರದ ತನ್ನ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿಸಿ, ‘ಆಫೀಸಿನಲ್ಲಿದ್ದೇನೆ’ ಎಂದು ಹೇಳಿಸಿ, ಗುಂಡು ಹಾರಿಸುತ್ತಾನೆ. ಜೋಡಿ ಲೇಖಕರೇ ಸೃಷ್ಟಿಸಿದ ಸರಣಿ ಜೋಡಿ ಲೇಖಕರ ಕೊಲೆಯಿಂದಲೇ ಶುರುವಾದದ್ದು ಒಳಗಿನವರ ಕುಚೇಷ್ಟೆ ಇರಬೇಕು.

ಕೊಲಂಬೊಗೆ ಅನುಮಾನ ಬರುವುದು ರಕ್ತದ ಕಲೆಯಿಂದಲ್ಲ, ಬೂದಿಯಿಂದಲೂ ಅಲ್ಲ. ಜೊತೆಗಾರನ ಹೆಣ ಮನೆಯಂಗಳದಲ್ಲಿ ಬಿದ್ದಿದೆ ಎಂದು ಪೊಲೀಸರಿಗೆ ಫೋನು ಮಾಡಿದ ಮನುಷ್ಯ, ಅವರು ಬರುವಷ್ಟರಲ್ಲಿ ಅಂದಿನ ಟಪಾಲು ಒಡೆದು ಬಿಲ್ಲುಗಳನ್ನು ನೋಡಿದ್ದಾನೆ. ಅಷ್ಟೇ. ಯಾವ ಪ್ರಯೋಗಾಲಯವೂ ಹಿಡಿಯಲಾಗದ ಸುಳಿವು ಅದು. ದುಃಖದಲ್ಲಿರುವವನು ಹೀಗೆ ಮಾಡುತ್ತಾನೆಯೇ ಎಂದು ಯಾವ ಗೃಹಿಣಿಯೂ ಕೇಳಬಹುದಾದ ಪ್ರಶ್ನೆ. ಕೊಲಂಬೊನ ಬುದ್ಧಿವಂತಿಕೆಯ ಸೊಗಸು ಇರುವುದು ಇಲ್ಲಿ. ಷರ್ಲಾಕ್ ಹೋಮ್ಸ್ ತಂಬಾಕಿನ ಬೂದಿ ನೋಡಿ ತೀರ್ಮಾನ ಹೇಳಿದಾಗ ನಾವು ಬಾಯಿಬಿಟ್ಟು ಕೂರುತ್ತೇವೆ. ಕೊಲಂಬೊ ಕಂಡದ್ದನ್ನು ನಾವೂ ಕಂಡಿರುತ್ತೇವೆ. ಅದು ಮುಖ್ಯವೆಂದು ಹೊಳೆದಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಹಳ್ಳಿಗಳ ಜಗಲಿಯ ಮೇಲೆ ಕೊರೆದ ಆಡುಹುಲಿ ಮನೆಯನ್ನು ನೆನಪಿಸಿಕೊಂಡರೆ ಈ ಸರಣಿಯ ಲಯ ಅರ್ಥವಾಗುತ್ತದೆ. ಆ ಆಟದಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಹುಲಿ ಎಲ್ಲಿದೆ, ಆಡುಗಳು ಎಲ್ಲಿವೆ ಎಂಬುದು ಇಬ್ಬರಿಗೂ ಸುತ್ತ ನಿಂತವರಿಗೂ ಕಾಣುತ್ತಿರುತ್ತದೆ. ಹುಲಿಯನ್ನು ಯಾರೂ ಕೊಲ್ಲುವುದಿಲ್ಲ. ಒಂದೊಂದೇ ಆಡು ಒಂದೊಂದು ಗೆರೆಯನ್ನು ಮುಚ್ಚುತ್ತ ಬಂದು, ಹುಲಿಗೆ ಹೆಜ್ಜೆಯಿಡಲು ಜಾಗವಿಲ್ಲದಂತೆ ಮಾಡುವುದೇ ಗೆಲುವು. ಕೊಲಂಬೊನ ಪ್ರಶ್ನೆಗಳೂ ಹಾಗೇ. ಪ್ರತಿಯೊಂದೂ ಚಿಕ್ಕದು, ನಿರುಪದ್ರವಿ. ಪ್ರತಿಯೊಂದಕ್ಕೂ ಕೊಲೆಗಾರ ಜಾಣತನದ ಉತ್ತರ ಕೊಡುತ್ತಾನೆ. ಕೊಟ್ಟ ಪ್ರತಿ ಉತ್ತರವೂ ಅವನ ಒಂದು ದಾರಿಯನ್ನು ಮುಚ್ಚುತ್ತದೆ.

ಇದರ ಫಲವಾಗಿ ಧಾರಾವಾಹಿಗೆ ಬೇರೆ ಆಡಂಬರ ಬೇಕಾಗಲಿಲ್ಲ. ಕೊಲಂಬೊ ಪಿಸ್ತೂಲು ಹಿಡಿದು ಓಡುವವನಲ್ಲ. ಕಾರುಗಳು ಒಂದನ್ನೊಂದು ಅಟ್ಟುವುದಿಲ್ಲ, ಯಾರೂ ಗಾಜು ಒಡೆದು ಹಾರುವುದಿಲ್ಲ. ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತನಾಡುತ್ತಾರೆ; ಆ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ಹರಿಯುತ್ತಿರುತ್ತದೆ. ನಿನಗೆ ಗೊತ್ತೆಂದು ನನಗೆ ಗೊತ್ತು, ಆದರೆ ಸಾಬೀತು ಮಾಡು ನೋಡೋಣ ಎಂಬ ಸವಾಲು. 1973ರ ‘ಎ ಸ್ಟಿಚ್ ಇನ್ ಕ್ರೈಮ್’ ಕಂತಿನಲ್ಲಿ ಲಿಯೊನಾರ್ಡ್ ನಿಮೊಯ್ ಮಾಡಿದ ತಣ್ಣನೆಯ ಸರ್ಜನ್ ಎದುರು ಕೊಲಂಬೊ ಒಮ್ಮೆ ತಾಳ್ಮೆ ಕಳೆದುಕೊಂಡು, ಮೇಜಿನ ಮೇಲಿನ ಹೂಜಿಯನ್ನು ಧಡಾರನೆ ಕುಟ್ಟುತ್ತಾನೆ. ಬೇರೆ ಧಾರಾವಾಹಿಯಲ್ಲಿ ಇದು ಗಮನಕ್ಕೂ ಬಾರದ ಸದ್ದು. ಇಲ್ಲಿ ಎದೆ ಝಲ್ಲೆನ್ನುತ್ತದೆ.

ಬಂಗಲೆಗೆ ಬಂದ ಬಡಪಾಯಿ

ಎರಡನೆಯ ಬಲ ವರ್ಗಪ್ರಜ್ಞೆಯ ಹಾಸ್ಯ. ಕೊಲಂಬೊನ ಎದುರಾಳಿಗಳು ಬಹುತೇಕ ಎಲ್ಲರೂ ಸಿರಿವಂತರು, ಗಣ್ಯರು: ಆರ್ಕೆಸ್ಟ್ರಾ ನಿರ್ದೇಶಕ, ಚೆಸ್ ಚಾಂಪಿಯನ್, ಶಸ್ತ್ರಚಿಕಿತ್ಸಕ, ಕಲಾವಿಮರ್ಶಕ, ಚುನಾವಣೆಗೆ ನಿಂತ ರಾಜಕಾರಣಿ, ಸೈನಿಕ ಶಾಲೆಯ ಮುಖ್ಯಸ್ಥ. ಈಜುಕೊಳವಿರುವ ಬಂಗಲೆಗಳಲ್ಲಿ ಬಾಳುವ ಇವರಿಗೆ ಬಾಗಿಲಲ್ಲಿ ನಿಂತ ಮುದುಡಿದ ಕೋಟಿನ ಪೊಲೀಸನು ಬಾಯಾಡಿಸುವ ಬೇಜಾರಿನ ಪ್ರಾಣಿ. ಕಾಲಿಗೆ ಎಷ್ಟು ಬೆಲೆಯ ಷೂ ಎಂದು ಕೇಳುತ್ತಾನೆ, ಹೆಂಡತಿಯ ಸುದ್ದಿ ಎತ್ತುತ್ತಾನೆ, ಪೆನ್ನು ಮರೆತು ಅವರದನ್ನೇ ಬೇಡುತ್ತಾನೆ. ಇವನೇನು ಕಿಸಿಯುತ್ತಾನೆ ಎಂಬ ತಾತ್ಸಾರದಲ್ಲಿ ಅವರು ಒಂದು ಮಾತು ಹೆಚ್ಚು ಆಡುತ್ತಾರೆ. ಅಲ್ಲಿಗೆ ಕೆಟ್ಟರು.

1974ರ ‘ನೆಗೆಟಿವ್ ರಿಯಾಕ್ಷನ್’ ಕಂತಿನಲ್ಲಿ ಸಾಕ್ಷಿಯನ್ನು ಹುಡುಕುತ್ತ ನಿರ್ಗತಿಕರಿಗೆ ಊಟ ಹಾಕುವ ಛತ್ರಕ್ಕೆ ಹೋದ ಕೊಲಂಬೊನನ್ನು ಅಲ್ಲಿನ ಸನ್ಯಾಸಿನಿ ಒಬ್ಬ ನಿರ್ಗತಿಕನೆಂದೇ ತಿಳಿದು ಕೂರಿಸಿ ಉಣಬಡಿಸಿ, ಕೋಟು ಬದಲಿಸಿಕೊಳ್ಳಲು ಒತ್ತಾಯಿಸುತ್ತಾಳೆ. ತಮಾಷೆ ನಿಜ, ಆದರೆ ಅದರೊಳಗೊಂದು ಮಾತಿದೆ. ತಪ್ಪು ತಿಳಿದ ಸನ್ಯಾಸಿನಿ ಅನ್ನ ಹಾಕಿದಳು. ಅದೇ ತಪ್ಪು ಮಾಡುವ ಸಿರಿವಂತರು ಅವನನ್ನು ಕಸವೆಂದು ನೋಡಿದರು. ವೇಷ ಒಂದೇ, ನೋಡಿದವರ ಗುಣ ಬೇರೆ.

ಹಾಗೆಂದು ಸರಣಿ ಎಲ್ಲ ಸಿರಿವಂತರನ್ನೂ ರಾಕ್ಷಸರನ್ನಾಗಿ ಮಾಡಲಿಲ್ಲ. ಅದರ ಅತ್ಯುತ್ತಮ ಕಂತುಗಳಲ್ಲಿ ಕೊಲೆಗಾರನ ಮೇಲೆ ನಮಗೆ ಮರುಕ ಹುಟ್ಟುತ್ತದೆ. 1973ರ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ ಕಂತಿನ ಏಡ್ರಿಯನ್ ಕಾರ್ಸಿನಿ (ನಟ ಡೊನಾಲ್ಡ್ ಪ್ಲೆಸೆನ್ಸ್) ದ್ರಾಕ್ಷಾರಸವನ್ನೇ ಉಸಿರಾಡುವ ಮನುಷ್ಯ. ತಾನು ಬೆಳೆಸಿದ ವೈನರಿಯನ್ನು ಮಲತಮ್ಮ ಅಗ್ಗದ ಮದ್ಯದ ಕಂಪನಿಗೆ ಮಾರಲು ಹೊರಟಾಗ ಸಿಟ್ಟಿನಲ್ಲಿ ತಲೆಗೆ ಹೊಡೆದು, ಕಟ್ಟಿಹಾಕಿ, ನೆಲಮಾಳಿಗೆಯ ಏರ್‌ಕಂಡಿಷನರ್ ನಿಲ್ಲಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಆ ವಾರವೇ ಊರಿನಲ್ಲಿ ಕಡುಬಿಸಿಲು. ಒಳಗಿದ್ದ ಅಮೂಲ್ಯ ವೈನೆಲ್ಲ ಕೆಟ್ಟುಹೋಗುತ್ತದೆ. ಕೊಲಂಬೊ ಅಲ್ಲಿಂದಲೇ ಒಂದು ಬಾಟಲಿ ತಂದು, ಹೋಟೆಲಿನ ಊಟದಲ್ಲಿ ಅವನಿಗೇ ಬಡಿಸುತ್ತಾನೆ. ಒಂದು ಗುಟುಕಿಗೆ ಕಾರ್ಸಿನಿ ಕಿರುಚಿಕೊಳ್ಳುತ್ತಾನೆ: ಇದು ಬಿಸಿಗೆ ಸಿಕ್ಕು ಹಾಳಾಗಿದೆ. ಆ ವ್ಯತ್ಯಾಸವನ್ನು ನಾಲಿಗೆಯಲ್ಲಿ ಹಿಡಿಯಬಲ್ಲವನು ಅವನೊಬ್ಬನೇ. ಅದನ್ನು ಹೇಳದೆ ಇರಲಾರದವನೂ ಅವನೇ. ಅವನ ಬಾಳನ್ನು ಕಟ್ಟಿದ ಗುಣವೇ ಅವನನ್ನು ಹಿಡಿದುಕೊಟ್ಟಿತು. ಠಾಣೆಗೆ ಹೋಗುವ ಮುಂಚೆ ಇಬ್ಬರೂ ಕಾರಿನಲ್ಲಿ ಕೂತು ಒಂದೊಂದು ಲೋಟ ವೈನ್ ಕುಡಿಯುತ್ತಾರೆ. ಪೊಲೀಸನೂ ಕೊಲೆಗಾರನೂ ಪರಸ್ಪರ ಗೌರವದಿಂದ ಬೀಳ್ಕೊಳ್ಳುವ ಇಂಥ ಮುಕ್ತಾಯವನ್ನು ಗುಟ್ಟು ಬಚ್ಚಿಡುವ ಕಥೆ ಕೊಡಲಾರದು. ಕೊನೆಯ ಪುಟದವರೆಗೂ ಮರೆಯಲ್ಲಿದ್ದ ಕೊಲೆಗಾರನ ಒಳಗನ್ನು ತೋರಿಸಲು ಅಲ್ಲಿ ವ್ಯವಧಾನವೇ ಇರುವುದಿಲ್ಲ.

ಕೋರ್ಟಿನಲ್ಲಿ ನಿಲ್ಲುವುದೇ?

ಇನ್ನು ದೌರ್ಬಲ್ಯಗಳು. ಮೊದಲನೆಯದು ಮತ್ತು ದೊಡ್ಡದು ಸಾಕ್ಷ್ಯದ್ದು. ‘ಯಾರು’ ಎಂಬ ಪ್ರಶ್ನೆಯನ್ನು ಬಿಟ್ಟುಕೊಟ್ಟ ಸರಣಿ ‘ಹೇಗೆ ಸಾಬೀತು ಮಾಡುತ್ತಾನೆ’ ಎಂಬ ಪ್ರಶ್ನೆಗಾದರೂ ಗಟ್ಟಿ ಉತ್ತರ ಕೊಡಬೇಕು. ಕೊಟ್ಟಾಗ ಅದು ಅದ್ಭುತ. 1971ರ ‘ಸೂಟಬಲ್ ಫಾರ್ ಫ್ರೇಮಿಂಗ್’ನಲ್ಲಿ ಕಲಾವಿಮರ್ಶಕ ಕಿಂಗ್‌ಸ್ಟನ್ ಕದ್ದ ಚಿತ್ರಗಳನ್ನು ತನ್ನ ಅತ್ತೆಯ ಮನೆಯಲ್ಲಿ ಇರಿಸಿ, ಅಪರಾಧವನ್ನು ಆಕೆಯ ತಲೆಗೆ ಕಟ್ಟುತ್ತಾನೆ. ಆ ಚಿತ್ರಗಳ ಮೇಲೆ ಬೆರಳಚ್ಚು ಸಿಗುತ್ತದೆ. ಯಾರದು? ಕೊಲಂಬೊನದು. ಹಿಂದೊಮ್ಮೆ ಕಿಂಗ್‌ಸ್ಟನ್ ಮನೆಯಲ್ಲಿ ಅವನ ಕೈಚೀಲಕ್ಕೆ ಕೈಹಾಕಿ ಮುಟ್ಟಿದಾಗ ಬಿದ್ದದ್ದು. ‘ಈಗಷ್ಟೇ ಮುಟ್ಟಿರಬೇಕು’ ಎಂದು ಕಿಂಗ್‌ಸ್ಟನ್ ಕೂಗುತ್ತಾನೆ. ಕೊಲಂಬೊ ಮಾತಿಲ್ಲದೆ ಜೇಬಿನಿಂದ ಎರಡೂ ಕೈ ಹೊರತೆಗೆಯುತ್ತಾನೆ. ಕೈಗವಸು ಹಾಕಿಕೊಂಡಿದ್ದಾನೆ. ಅಲ್ಲಿಗೆ ಕಂತು ಮುಗಿಯಿತು. ಯಾವ ವಕೀಲನೂ ಅಲ್ಲಾಡಿಸಲಾಗದ ಪುರಾವೆ ಅದು.

ಎಲ್ಲ ಕಂತುಗಳೂ ಇಷ್ಟು ಪ್ರಾಮಾಣಿಕವಲ್ಲ. 1968ರ ಮೊದಲ ಚಿತ್ರದಲ್ಲಿ ಕೊಲೆಗೆ ನೆರವಾದ ಯುವತಿ ಸತ್ತಂತೆ ನಾಟಕ ಮಾಡಿಸಿ, ಮನೋವೈದ್ಯ ಫ್ಲೆಮಿಂಗ್ ಬಾಯಿಬಿಡುವಂತೆ ಕೊಲಂಬೊ ಬಲೆ ಹೆಣೆಯುತ್ತಾನೆ. ‘ಡೆತ್ ಲೆಂಡ್ಸ್ ಎ ಹ್ಯಾಂಡ್’ನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಕಳೆದಿದೆ ಎಂಬ ಸುಳ್ಳು ಹರಡಿ ಕೊಲೆಗಾರನನ್ನು ಹೊರಗೆಳೆಯುತ್ತಾನೆ. ‘ನೆಗೆಟಿವ್ ರಿಯಾಕ್ಷನ್’ನಲ್ಲಿ ಫೋಟೊವನ್ನು ಬೇಕೆಂದೇ ಎಡಬಲ ಮಾಡಿ ಮುದ್ರಿಸಿ, ಛಾಯಾಗ್ರಾಹಕ ರೊಚ್ಚಿಗೆದ್ದು ಸಾಲು ಕ್ಯಾಮೆರಾಗಳ ನಡುವಿನಿಂದ ಕೊಲೆಗೆ ಸಂಬಂಧಿಸಿದ ಕ್ಯಾಮೆರಾವನ್ನೇ ಎತ್ತಿಕೊಳ್ಳುವಂತೆ ಮಾಡುತ್ತಾನೆ. ನೋಡುವಾಗ ಚಪ್ಪಾಳೆ ಹೊಡೆಯಬೇಕೆನಿಸುತ್ತದೆ. ಟಿ.ವಿ. ಆರಿಸಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ: ಆ ಘಳಿಗೆಯಲ್ಲಿ ಅವನು ಬಾಯಿ ಮುಚ್ಚಿಕೊಂಡು ‘ನನ್ನ ವಕೀಲರನ್ನು ಕರೆಯಿರಿ’ ಎಂದಿದ್ದರೆ? ಬಹಳ ಕಂತುಗಳಲ್ಲಿ ಪ್ರಕರಣ ಅಲ್ಲೇ ಕುಸಿಯುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟು 1966ರ ಮಿರಾಂಡ ತೀರ್ಪಿನಲ್ಲಿ, ವಶಕ್ಕೆ ತೆಗೆದುಕೊಂಡವನನ್ನು ವಿಚಾರಿಸುವ ಮುನ್ನ ಮೌನವಾಗಿರುವ ಹಕ್ಕನ್ನೂ ವಕೀಲರ ಹಕ್ಕನ್ನೂ ತಿಳಿಸಲೇಬೇಕು ಎಂದು ವಿಧಿಸಿತು. ಕೊಲಂಬೊನ ತಂತ್ರ ಇದರ ಅಂಚಿನಲ್ಲೇ ನಡೆಯುತ್ತದೆ. ಅವನು ಯಾರನ್ನೂ ವಶಕ್ಕೆ ತೆಗೆದುಕೊಳ್ಳುವುದಿಲ್ಲ. ಅವರ ಮನೆಗೇ ಹೋಗಿ, ಅವರ ಸೋಫಾದಲ್ಲೇ ಕೂತು ಹರಟುತ್ತಾನೆ. ಎಚ್ಚರಿಕೆ ಕೊಡುವ ಪ್ರಸಂಗವೇ ಬರುವುದಿಲ್ಲ. ಇದನ್ನು ಬರಹಗಾರರ ಜಾಣ್ಮೆ ಎನ್ನಬಹುದು. ನಮ್ಮಲ್ಲಾದರೆ ಅವನ ಕೆಲಸ ಇನ್ನೂ ಕಷ್ಟ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದೇ ತಡೆಯನ್ನು ಉಳಿಸಿಕೊಂಡಿದೆ. ವಶದಲ್ಲಿರುವಾಗ ಕೊಟ್ಟ ಹೇಳಿಕೆಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ‘ಹೌದು, ನಾನೇ ಕೊಂದೆ’ ಎಂದು ತಲೆ ತಗ್ಗಿಸುವ ಕೊಲಂಬೊ ಶೈಲಿಯ ಮುಕ್ತಾಯದಿಂದ ಇಲ್ಲಿ ಯಾವ ಪಬ್ಲಿಕ್ ಪ್ರಾಸಿಕ್ಯೂಟರರಿಗೂ ಲಾಭವಿಲ್ಲ.

ಇದು ಬರೀ ಕಾನೂನಿನ ತಕರಾರಲ್ಲ, ಕಥೆಯ ತಕರಾರೂ ಹೌದು. ಕೈಗವಸಿನ ಕಂತಿನಲ್ಲಿ ಕೊಲೆಗಾರ ಸೋಲುವುದು ಪುರಾವೆಗೆ. ಲೆನ್ಸಿನ ಕಂತಿನಲ್ಲಿ ಅವನು ಸೋಲುವುದು ಬರಹಗಾರರಿಗೆ ಕಂತು ಮುಗಿಸುವ ಹೊತ್ತಾಯಿತೆಂಬುದಕ್ಕೆ. ಬೇರೆ ಸರಣಿಯಲ್ಲಾಗಿದ್ದರೆ ಕೊಲೆಗಾರನ ಹೆಸರು ಕೇಳಿದ ಬೆರಗಿನಲ್ಲಿ ಇದನ್ನು ಯಾರೂ ಗಮನಿಸುತ್ತಿರಲಿಲ್ಲ.

ಎಳೆದಷ್ಟೂ ತೆಳು

ಎರಡನೆಯ ದೌರ್ಬಲ್ಯ ಎಳೆತ. ಜಾಹೀರಾತು ಸೇರಿ ಒಂದೂವರೆ ಗಂಟೆಯ ಕಂತುಗಳು ಜನಪ್ರಿಯವಾದ ಮೇಲೆ ವಾಹಿನಿ ಕೆಲವನ್ನು ಎರಡು ಗಂಟೆಗೆ ಹಿಗ್ಗಿಸಿತು. ಇಬ್ಬರ ನಡುವಿನ ಮಾತಿನ ಕಾಳಗ ಹಾಗೆ ಹಿಗ್ಗುವ ವಸ್ತುವಲ್ಲ. ಆಗ ಕೊಲಂಬೊ ನಾಯಿಯನ್ನು ಡಾಕ್ಟರ ಬಳಿ ಒಯ್ಯುತ್ತಾನೆ, ದಾರಿ ತಪ್ಪುತ್ತಾನೆ, ಅಡುಗೆ ಮಾಡುತ್ತಾನೆ. ಪೀಟರ್ ಫಾಕ್ ಅವರ ನಟನೆಯಿಂದಾಗಿ ಇವೂ ನೋಡಿಸಿಕೊಳ್ಳುತ್ತವೆ, ಆದರೆ ಕಥೆ ನಿಂತ ನೀರಾಗಿರುತ್ತದೆ. ಕೊಲೆಗಾರ ಯಾರೆಂಬುದು ಗೊತ್ತಿರುವ ಪ್ರೇಕ್ಷಕನಿಗೆ ಕಾಲಹರಣ ಬೇಗ ಕಣ್ಣಿಗೆ ಬೀಳುತ್ತದೆ.

ಸಮಯ ತುಂಬಿಸಲು ಕಂಡುಕೊಂಡ ಇನ್ನೊಂದು ದಾರಿ ಎರಡನೆಯ ಕೊಲೆ. ಯಾರೋ ಕಂಡಿರುತ್ತಾರೆ, ಹಣಕ್ಕೋ ಮದುವೆಗೋ ಕೊಲೆಗಾರನನ್ನು ಬೆದರಿಸುತ್ತಾರೆ, ಸಾಯುತ್ತಾರೆ. ಹೀಗೆ ಸಾಯುವವರಲ್ಲಿ ಒಂಟಿ ಹೆಂಗಸರೇ ಎದ್ದು ಕಾಣುತ್ತಾರೆ. ‘ಮರ್ಡರ್ ಬೈ ದ ಬುಕ್’ನ ಅಂಗಡಿಯಾಕೆ ಇದಕ್ಕೆ ಮಾದರಿ: ಕೆನ್‌ನ ಮೇಲೆ ಆಸೆಯಿಟ್ಟುಕೊಂಡು, ಅವನ ಗುಟ್ಟು ಬಲ್ಲವಳಾಗಿ, ಅದೇ ಆಸೆಗೆ ಬಲಿಯಾಗುತ್ತಾಳೆ. ಬುದ್ಧಿವಂತ ಗಂಡಸರ ಚದುರಂಗದಲ್ಲಿ ಹೆಂಗಸಿಗೆ ಸುಳಿವಿನ ಪಾತ್ರವೋ ಹೆಣದ ಪಾತ್ರವೋ ಸಿಗುವುದು ಆ ಕಾಲದ ಟಿ.ವಿ.ಯ ಚಾಳಿ. ಇದನ್ನು ಮೀರಿದ ಕಂತುಗಳೂ ಇವೆ. 1975ರ ‘ಫಾರ್ಗಾಟನ್ ಲೇಡಿ’ಯಲ್ಲಿ ಜಾನೆಟ್ ಲೀ ಮಾಡಿದ ಮಾಜಿ ತಾರೆ ಗಂಡನನ್ನು ಕೊಂದವಳು, ಆದರೆ ಮೆದುಳಿನ ಕಾಯಿಲೆಯಿಂದ ಆ ಕೊಲೆಯೇ ಅವಳಿಗೆ ನೆನಪಿಲ್ಲ, ಬದುಕುವ ದಿನಗಳೂ ಹೆಚ್ಚಿಲ್ಲ. ಅವಳ ಹಳೆಯ ಜೊತೆನಟ ಸುಳ್ಳು ತಪ್ಪೊಪ್ಪಿಗೆ ಕೊಟ್ಟು ತಾನೇ ಜೈಲಿಗೆ ಹೋಗಲು ಮುಂದಾದಾಗ ಕೊಲಂಬೊ ಅದನ್ನು ತಡೆಯುವುದಿಲ್ಲ. ಸತ್ಯ ಕಂಡುಹಿಡಿದವನೇ ಸತ್ಯವನ್ನು ಕೆಲಕಾಲ ಮಡಚಿಡುವ ಕಂತು ಅದು.

ಮೂರನೆಯದು ಊರಿನದು. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ 1965ರಲ್ಲಿ ಪೊಲೀಸರ ವರ್ತನೆಯ ವಿರುದ್ಧ ಹೊತ್ತಿ ಉರಿದಿತ್ತು. ಪೊಲೀಸರ ಥಳಿತಕ್ಕೆ ಒಳಗಾದ ರಾಡ್ನಿ ಕಿಂಗ್ ಪ್ರಕರಣದ ತೀರ್ಪಿನ ನಂತರ 1992ರಲ್ಲಿ ಅದೇ ನಗರ ಮತ್ತೆ ಉರಿಯಿತು. ಆ ಎರಡು ಬೆಂಕಿಗಳನ್ನು ಕಂಡ ಅದೇ ನಗರದಲ್ಲಿ, ಅದೇ ಪೊಲೀಸ್ ಇಲಾಖೆಯಲ್ಲಿ ಕೊಲಂಬೊ ಕೆಲಸ ಮಾಡುತ್ತಾನೆ. ಆದರೂ ಅವನ ಕಾರು ಹೋಗುವುದು ಬೆವರ್ಲಿ ಹಿಲ್ಸ್ ಕಡೆಗೆ, ಮಲಿಬು ಕಡಲ ತಡಿಗೆ. ಬಡವರ ಬೀದಿಯಲ್ಲಿ ಪೊಲೀಸನ ಬಾಗಿಲು ತಟ್ಟುವಿಕೆಗೆ ಬೇರೆಯೇ ಅರ್ಥವಿದೆ ಎಂಬುದು ಈ ಸರಣಿಯಲ್ಲಿ ಕಾಣುವುದಿಲ್ಲ. ಅಧಿಕಾರದಲ್ಲಿರುವವರು ಪೊಲೀಸನಿಗೆ ಹೆದರುವ ಲೋಕವೊಂದನ್ನು ಅದು ಕಟ್ಟಿಕೊಟ್ಟಿತು. ಹಾಯೆನಿಸುವ ಕನಸು, ಆದರೂ ಕನಸೇ. ಇದಕ್ಕೆ ಎದೆಗಾರಿಕೆಯ ಅಪವಾದ 1974ರ ‘ಎ ಫ್ರೆಂಡ್ ಇನ್ ಡೀಡ್’. ಅಲ್ಲಿ ಕೊಲೆಗಾರ ಕೊಲಂಬೊನ ಮೇಲಧಿಕಾರಿಯೇ, ಡೆಪ್ಯುಟಿ ಕಮಿಷನರ್. ಹಳೆಯ ಕಳ್ಳನೊಬ್ಬನ ತಲೆಗೆ ಕೊಲೆ ಕಟ್ಟಲು ಅವನ ಕೋಣೆಯಲ್ಲಿ ಒಡವೆ ಇರಿಸಿ, ತಾನೇ ದಾಳಿ ಮಾಡಿಸುತ್ತಾನೆ. ಆ ಕೋಣೆ ಕಳ್ಳನದಲ್ಲ, ಕೊಲಂಬೊನೇ ಬಾಡಿಗೆಗೆ ಹಿಡಿದದ್ದು. ಕಡತದಲ್ಲಿ ಬರೆದಿಟ್ಟ ಆ ಸುಳ್ಳು ವಿಳಾಸವನ್ನು ನೋಡಿದ್ದವನು ಕಮಿಷನರ್ ಒಬ್ಬನೇ. ಇಂಥ ಇನ್ನೂ ನಾಲ್ಕು ಕಂತುಗಳನ್ನು ಬರೆಯುವ ಧೈರ್ಯ ಮಾಡಿದ್ದರೆ ಸರಣಿಯ ಎತ್ತರವೇ ಬೇರೆಯಿರುತ್ತಿತ್ತು.

ಕರಾರು ಮುರಿದಾಗ

ಸರಣಿಯ ಬಲ ಯಾವುದೆಂಬುದು ಅದರ ಸೋಲುಗಳಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. 1976ರ ‘ಲಾಸ್ಟ್ ಸಲ್ಯೂಟ್ ಟು ದ ಕಮಡೋರ್’ನಲ್ಲಿ ನಾವು ಕೊಲೆಗಾರನೆಂದು ನಂಬಿದವನೇ ನಡುವೆ ಹೆಣವಾಗುತ್ತಾನೆ. ಕೊನೆಗೆ ಎಲ್ಲರನ್ನೂ ಒಂದೆಡೆ ಸೇರಿಸಿ ಹೆಸರು ಹೇಳುವ ಹಳೆಯ ಪದ್ಧತಿಗೆ ಕಥೆ ಶರಣಾಗುತ್ತದೆ. ‘ಯಾರು’ ಎಂಬ ಕುತೂಹಲ ಮರಳಿ ಬಂತು. ಕೊಲಂಬೊ ಮಾತ್ರ ಮಾಯವಾದ. ಎದುರಾಳಿಯೇ ಇಲ್ಲದೆ ಅವನ ಹರಟೆ ಬರೀ ಚೇಷ್ಟೆಯಾಗಿ ಉಳಿಯಿತು. 1989ರಲ್ಲಿ ಎಬಿಸಿ ವಾಹಿನಿಯಲ್ಲಿ ಸರಣಿ ಮರುಹುಟ್ಟು ಪಡೆದ ಮೇಲೆ, 1992ರಲ್ಲಿ ಬಂದ ‘ನೋ ಟೈಮ್ ಟು ಡೈ’ ಇನ್ನೂ ದೂರ ಸರಿಯಿತು. ಎಡ್ ಮೆಕ್‌ಬೇನ್ ಅವರ ಬೇರೊಂದು ಪೊಲೀಸ್ ಕಾದಂಬರಿಯನ್ನು ತಂದು ಕೊಲಂಬೊಗೆ ತೊಡಿಸಿದರು. ಮದುವೆಯ ರಾತ್ರಿ ಮದುಮಗಳ ಅಪಹರಣ, ಗಡಿಯಾರದ ಜೊತೆ ಓಟ, ಕೊನೆಗೆ ಗುಂಡು. ಕೋಟು ಇದೆ, ಚುಟ್ಟಾ ಇದೆ. ಸಂಭಾಷಣೆಯ ದ್ವಂದ್ವ ಇಲ್ಲ. 1979ರಲ್ಲಿ ಕೊಲಂಬೊನ ಹೆಂಡತಿಯನ್ನೇ ನಾಯಕಿ ಮಾಡಿ ಎನ್‌ಬಿಸಿ ತೆಗೆದ ಸರಣಿಯೂ 13 ಕಂತಿಗೆ ಮುಗಿಯಿತು. ಬಹುತೇಕ ಕಂತುಗಳಲ್ಲಿ ಮಾತಿಗೆ ಬಂದು ಒಮ್ಮೆಯೂ ಕಣ್ಣಿಗೆ ಬೀಳದ ಆ ಹೆಂಡತಿ ಕಥೆಗೆ ಬೇಕಿದ್ದದ್ದೇ ಕಾಣದವಳಾಗಿ.

ಅಮೆರಿಕದಲ್ಲಿ ಈ ಮಾದರಿಗೆ 2023ರಲ್ಲಿ ಹೊಸ ಜೀವ ಬಂತು. ರಿಯಾನ್ ಜಾನ್ಸನ್ ಅವರ ‘ಪೋಕರ್ ಫೇಸ್’ ಮೊದಲು ಕೊಲೆ ತೋರಿಸಿ, ಆಮೇಲೆ ನಾಯಕಿಯನ್ನು ಕರೆತರುವ ಅದೇ ಹಾದಿ ಹಿಡಿಯಿತು. ಅದರ ನಾಯಕಿ ಪೊಲೀಸಳಲ್ಲ, ಕೈಯಲ್ಲಿ ಕಾಸಿಲ್ಲದೆ ಊರೂರು ಅಲೆಯುವವಳು. ಹಾಗಾಗಿ ಕೊಲಂಬೊ ಕಾಣದ ಬೀದಿಗಳನ್ನು, ಕೂಲಿಯವರನ್ನು ಅದು ಕಂಡಿತು. ಹಳೆಯ ಸರಣಿಯ ಗುಣವನ್ನು ಉಳಿಸಿಕೊಂಡು ದೋಷವನ್ನು ತಿದ್ದುವುದು ಸಾಧ್ಯವೆಂಬುದಕ್ಕೆ ಇದೊಂದು ಪುರಾವೆ.

ಕೊಲಂಬೊನನ್ನು ಹೊಸದಾಗಿ ನೋಡುವವರು 69 ಕಂತುಗಳಿಗೂ ಕೂರಬೇಕಿಲ್ಲ. ಪುರಾವೆಯ ಸೊಗಸಿಗೆ ‘ಸೂಟಬಲ್ ಫಾರ್ ಫ್ರೇಮಿಂಗ್’, ಮನುಷ್ಯತ್ವಕ್ಕೆ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’, ಧೈರ್ಯಕ್ಕೆ ‘ಎ ಫ್ರೆಂಡ್ ಇನ್ ಡೀಡ್’ ನೋಡಿದರೆ ಸಾಕು. ತೊಂಬತ್ತರ ದಶಕದ ಕಂತುಗಳನ್ನು ಬಿಟ್ಟರೂ ಹೆಚ್ಚಿನ ನಷ್ಟವಿಲ್ಲ. ಪತ್ತೇದಾರಿ ಧಾರಾವಾಹಿ, ವೆಬ್‌ಸರಣಿ ಬರೆಯುವ ನಮ್ಮವರಿಗೆ ಇದರಲ್ಲೊಂದು ಕಠಿಣ ಪರೀಕ್ಷೆಯೂ ಇದೆ. ನಿಮ್ಮ ಚಿತ್ರಕಥೆಯ ಕೊಲೆಗಾರನ ಹೆಸರನ್ನು ಮೊದಲ ದೃಶ್ಯದಲ್ಲೇ ಹೇಳಿಬಿಟ್ಟು, ಉಳಿದದ್ದನ್ನು ಓದಿಸಿ ನೋಡಿ. ಕೇಳುವವರು ಮುಂದೇನು ಎಂದು ಕೂತರೆ ನಿಮ್ಮ ಬಳಿ ಕಥೆಯಿದೆ. ಎದ್ದು ಹೋದರೆ, ನಿಮ್ಮ ಬಳಿ ಇದ್ದದ್ದು ಒಂದು ಹೆಸರು ಮಾತ್ರ.